ರೈಟರ್ ಜವರಯ್ಯನವರ ಹೆಬ್ಬೆರಳು

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ, ಅಷ್ಟು ಪುಟ್ಟ ರಾಜ್ಯದಲ್ಲಿ, ಕಾಫಿ ಎಸ್ಟೇಟಿನ ರೈಟರ್ ಜವರಯ್ಯನವರ ಎಡಗಾಲಿನ ಹೆಬ್ಬೆರಳನ್ನು ನೋಡದ ವೈದ್ಯರೇ ಉಳಿದಿರಲಿಲ್ಲ. ಗಾಳಿಬೀಡಿನವರು ಸೊಪ್ಪು ಅರೆದು ಕಟ್ಟಿದ್ದರು, ಗೋಣಿಕೊಪ್ಪಲಿನವರು ಸೂಜಿ ಚುಚ್ಚಿದ್ದರು. ವಾತ ಮಾತ್ರ ತಿಂಗಳಿಗೊಮ್ಮೆ ಬಂದು ಬೆರಳನ್ನು ಬದನೆಕಾಯಿಯಂತೆ ಊದಿಸಿ, ಹೊದ್ದ ಕಂಬಳಿ ತಾಗಿದರೂ ಜೀವ ಹಿಂಡುತ್ತಿತ್ತು. ಎಡಗಾಲಿನ ಬೂಟಿನ ಮೂತಿ ಕೊಯ್ಯಿಸಿ, ಬೆರಳನ್ನು ಹೊರಗೆ ಬಿಟ್ಟುಕೊಂಡೇ ಅವರು ಆಳುಗಳ ಕಾಫಿ ಹಣ್ಣಿನ ಪಿಕಿಂಗ್ ನೋಡಿಕೊಳ್ಳುತ್ತಿದ್ದರು. ಹೊಸ ಡಾಕ್ಟರನ್ನು ಪರೀಕ್ಷಿಸುವ ದಿನ ಮಾತ್ರ ಹಲ್ಲು ಕಚ್ಚಿ ಬೆರಳು ಕಾಣದಂತೆ ಇಡೀ ಬೂಟು ತೊಟ್ಟು ಹೋಗಿ, ನಾಡಿ ನೋಡಲು ಕೈ ಚಾಚಿ, "ಏನಾಗೈತೆ ಅಂತ ನೀವೇ ಹೇಳಿ" ಎನ್ನುತ್ತಿದ್ದರು. ಮಡಿಕೇರಿಗೆ ಹೊಸದಾಗಿ ಬಂದ ಡಾಕ್ಟರು ಏನು ಉಣ್ಣುತ್ತೀರಿ, ಎಷ್ಟು ಕುಡಿಯುತ್ತೀರಿ ಎಂದು ಅರ್ಧ ಗಂಟೆ ಕೇಳಿ, ಇದು ಕಾಲಿನ ವಾತ, ಬಾಡು, ಹೆಂಡ ಬಿಡಿ ಎಂದಿದ್ದರು. "ಗೊತ್ತಿದ್ರೆ ನನ್ನ ಯಾಕೆ ಕೇಳ್ತಿದ್ದ? ಅವನಿಗೇನೂ ತಿಳಿಯಾಕಿಲ್ಲ ಕಣೇ" ಎಂದು ಹೆಂಡತಿ ಹುಚ್ಚಮ್ಮನಿಗೆ ಹೇಳಿ, ಅವರು ಬಾಡಿನ ಸಾರು ಇನ್ನೊಂದು ಸೌಟು ಹಾಕಿಸಿಕೊಂಡಿದ್ದರು. ಅದೇ ಹುಚ್ಚಮ್ಮನಿಗೆ ವಾರವಾದರೂ ಜ್ವರ ಇಳಿಯದಿದ್ದಾಗ, ರಾಜ್ಯದ ವೈದ್ಯರನ್ನೆಲ್ಲ ಬಲ್ಲ ಜವರಯ್ಯನವರು ಜೀಪು ಮಾಡಿಕೊಂಡು ನೇರ ಹೋದದ್ದು ಆ ಮಡಿಕೇರಿ ಡಾಕ್ಟರ ಬಳಿಗೇ. ಡಾಕ್ಟರು ಬಾಯಿ ತೆರೆಯುವ ಮೊದಲೇ ಹೆಂಡತಿ ಉಂಡದ್ದು, ಬಿಟ್ಟದ್ದು, ಕನವರಿಸಿದ್ದು, ಒಂದೂ ಬಿಡದೆ ಒಪ್ಪಿಸಿದರು. ಮದ್ದು ಬರೆದುಕೊಟ್ಟ ಡಾಕ್ಟರು, "ನಿಮ್ಮ ಕಾಲು ಹೇಗಿದೆ?" ಎಂದು ಕೇಳಿದರು. ಜವರಯ್ಯನವರು ಮೂತಿ ಕೊಯ್ದ ಬೂಟನ್ನು ಮೆಲ್ಲಗೆ ಬೆಂಚಿನ ಕೆಳಗೆ ಎಳೆದುಕೊಂಡು, "ನೀವೇ ಹೇಳಿ" ಎಂದರು.