ಕನ್ನಡದಲ್ಲಿ ನರಳಿದ ಜರ್ಮನ್ ಅಜ್ಜಿ

ಕಳೆದ ವರ್ಷ ಸುಮಾರು ಮೂರು ತಿಂಗಳು ನಾನು ಜರ್ಮನಿಯ ಒಬ್ಬ ಮುದುಕಿಯಾಗಿದ್ದೆ. ಭಾನುವಾರ ಮಧ್ಯಾಹ್ನ ಮಾತ್ರ. ಉಳಿದ ದಿನ ಕೇರಳದ ಆಲುವದಲ್ಲಿ ಮೆಟ್ರೊ ಹತ್ತಿ ಎರ್ನಾಕುಲಂನ ಬ್ಯಾಂಕಿಗೆ ಹೋಗಿಬರುವ, ಧಾರವಾಡದಿಂದ ವರ್ಗವಾಗಿ ಬಂದು ಹನ್ನೊಂದು ವರ್ಷವಾದರೂ ‘ಇನ್ನೇನು ಹೊರಟೆ’ ಎನ್ನುತ್ತಲೇ ಇರುವ ಸಾಮಾನ್ಯ ಹೆಂಗಸು.

ಇದು ಶುರುವಾದದ್ದು ಮಗಳ ಇತಿಹಾಸ ಪುಸ್ತಕದಿಂದ. ಆಧುನಿಕ ಯುರೋಪಿನ ಮಹಾವಲಸೆ, ಅದರ ಕಾರಣಗಳು ಮತ್ತು ಪರಿಣಾಮಗಳು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಆ ಪದವಿಯನ್ನು ಬ್ಯಾಂಕಿನಲ್ಲಿ ಯಾರೂ ಒಂದು ದಿನಕ್ಕೂ ಕೇಳಿದ್ದಿಲ್ಲವಾದ್ದರಿಂದ ಸಿಕ್ಕಿದ್ದೇ ಅವಕಾಶವೆಂದು ಮಗಳ ಮೇಲೆ ಮುಗಿಬಿದ್ದೆ. ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಜನ ಹಡಗು ಹತ್ತಿದ್ದು, ಹಂಚಿ ಹಂಚಿ ಚೂರಾದ ಹೊಲ ಬಿಟ್ಟು ಜರ್ಮನಿಯ ರೈತರು ಸಮುದ್ರ ದಾಟಿದ್ದು, ಏಟು ತಿಂದ ಯಹೂದಿಗಳು ರಷ್ಯಾ ಬಿಟ್ಟು ಓಡಿದ್ದು, ಎಲ್ಲವನ್ನೂ ಪುಸ್ತಕದ ಇಂಗ್ಲಿಷಿನಲ್ಲೇ ಕೈಬೀಸಿ ವರ್ಣಿಸಿದೆ. ಸಾಕು ಮಾಡು ಎಂದು ಮಗಳು ಮಲಯಾಳದಲ್ಲಿ ಬೇಡಿಕೊಂಡಳು. ಅವಳು ಬೇಡಿಕೊಳ್ಳುವುದೂ ಜಗಳಾಡುವುದೂ ಮಲಯಾಳದಲ್ಲೇ.

ಮಿಕ್ಸಿ ಕೇಳಲು ಬಂದಿದ್ದ ಮೇಲಿನ ಮನೆಯ ಜಿನ್ಸಿ ಮಾತ್ರ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ಆಕೆ ನರ್ಸು. ಜರ್ಮನಿಗೆ ಹೋಗಲು ಒಂದೂವರೆ ವರ್ಷದಿಂದ ಆ ಭಾಷೆ ಕಲಿಯುತ್ತಿದ್ದಳು.

“ಚೇಚಿ, ನಿಮ್ಮ ಈ ಕಾರಣಗಳಲ್ಲಿ ನಾನು ಎಲ್ಲಿ ಬರ್ತೀನಿ?” ಎಂದು ಮಲಯಾಳದಲ್ಲಿ ಕೇಳಿದಳು; ಚೇಚಿ ಎಂದರೆ ಅವರಲ್ಲಿ ಅಕ್ಕ. “ನನಗೆ ಹಸಿವಿಲ್ಲ, ಯುದ್ಧವಿಲ್ಲ. ಇಲ್ಲಿ ವಾರ್ಡ್ ತುಂಬ ರೋಗಿಗಳು, ನಾನೊಬ್ಬಳು. ಇಂಜೆಕ್ಷನ್ ಕೊಟ್ಟು ಓಡ್ತೀನಿ. ಒಬ್ಬರ ಪಕ್ಕ ಕೂತು ಹೇಗಿದ್ದೀರಿ ಅಂತ ಕೇಳಬೇಕು ಅಂತ ಆಸೆ. ಅಲ್ಲಿ ಅಷ್ಟು ಹೊತ್ತು ಸಿಗುತ್ತೆ ಅಂತಾರೆ.”

ಪುಸ್ತಕ ತಿರುವಿದೆ. ಆ ಕಾರಣ ಅದರಲ್ಲಿರಲಿಲ್ಲ. ಒಂದು ಕಾಲಕ್ಕೆ ಹಡಗುಗಟ್ಟಲೆ ಜನರನ್ನು ಹೊರಗೆ ಕಳಿಸಿದ ಯುರೋಪು ಈಗ ತನ್ನ ಮುದುಕರ ಆರೈಕೆಗೆ ಆಲುವದ ಕಡೆ ನೋಡುತ್ತಿರುವುದನ್ನು ನನ್ನ ಎಂ.ಎ. ಕೂಡ ಹೇಳಿಕೊಟ್ಟಿರಲಿಲ್ಲ.

ಜಿನ್ಸಿಯ ತೊಡಕು ಬೇರೆಯೇ ಇತ್ತು. ಪರೀಕ್ಷೆಯಲ್ಲಿ ಪರೀಕ್ಷಕರೇ ರೋಗಿಯಾಗಿ ನಟಿಸುತ್ತಾರಂತೆ, ನರ್ಸು ಮಾತಾಡಿಸಬೇಕಂತೆ. ಮೊದಲ ಸಲ ಇವಳು ಪ್ರತಿ ಶಬ್ದವೂ ಅರ್ಥವಾಗಲಿ ಎಂದು ಕಾಯುತ್ತ ಮೂಕಳಾಗಿ ಕೂತು ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಕಾದಿರಿಸಿದ ಕೆಲಸ ಕೈತಪ್ಪುತ್ತಿತ್ತು.

“ನನಗೆ ಅರ್ಥವಾಗದ ರೋಗಿ ಬೇಕು, ಚೇಚಿ. ನೀವು ಕನ್ನಡದಲ್ಲೇ ನರಳಿ.”

ಹೀಗೆ ನಾನು ಸೋಫಾದ ಮೇಲೆ ಮಲಗಿದೆ. “ಅಯ್ಯಯ್ಯ ನಮ್ಮವ್ವಾ, ಸೊಂಟ ಹಿಡಕೊಂಡದ, ಹೊಳ್ಳಲಿಕ್ಕೂ ಆಗವಲ್ದು!” ಎಂದು ನಾನು ಧಾರವಾಡದ ಸಮಸ್ತ ಅಜ್ಜಿಯರ ಪರವಾಗಿ ಕೂಗುವುದು, ಅವಳು ಜರ್ಮನ್‌ನಲ್ಲಿ ಸಮಾಧಾನ ಹೇಳುತ್ತ ದಿಂಬು ಸರಿಪಡಿಸುವುದು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಇಂಥ ಸಂಭಾಷಣೆ ನಮ್ಮ ಬ್ಯಾಂಕಿನ ಮೀಟಿಂಗುಗಳಲ್ಲೂ ನಡೆಯುತ್ತದೆ, ಆದರೆ ಅಲ್ಲಿ ಯಾರೂ ದಿಂಬು ಕೊಡುವುದಿಲ್ಲ.

ಒಂದು ಭಾನುವಾರ ನಟನೆ ಹಳಿ ತಪ್ಪಿತು. ಎಲ್ಲಿ ನೋವು ಎಂದು ಅವಳು ಸನ್ನೆ ಮಾಡಿದಾಗ ಸೊಂಟದ ಬದಲು ಬೇರೆಯದೇ ಬಾಯಿಗೆ ಬಂತು. “ನನ್ನ ಮಗಳು ವಾರದಾಗ ಒಂದು ಮಾತೂ ಕನ್ನಡದಾಗ ಆಡಿಲ್ಲ. ನಮ್ಮವ್ವ ಫೋನ್ ಮಾಡಿದ್ರ ಅಜ್ಜಿ ಮೊಮ್ಮಗಳು ಇಬ್ಬರೂ ಮಾತು ತಿಳೀದ ಬರೇ ನಗತಾರ. ನಡಬರಕ ನಾ ಒಬ್ಬಾಕಿ.” ಹೇಳುತ್ತ ಹೇಳುತ್ತ ನರಳುವುದನ್ನೇ ಮರೆತೆ. ಜಿನ್ಸಿ ನೋಟ್‌ಬುಕ್ ಮುಚ್ಚಿಟ್ಟಳು. ಏನೂ ಕೇಳದೆ ನನ್ನ ಕೈ ಹಿಡಿದುಕೊಂಡು, ತನಗೆ ಬರುವ ಜರ್ಮನ್‌ನಲ್ಲಿ ಮೆಲ್ಲಗೆ ಏನೋ ಹೇಳುತ್ತ ಬಹಳ ಹೊತ್ತು ಕೂತಳು. ಏನು ಹೇಳಿದಳೋ ಇವತ್ತಿಗೂ ಗೊತ್ತಿಲ್ಲ. ನನಗೆ ಹಗುರಾಯಿತು. ಇವಳು ಪಾಸಾಗುತ್ತಾಳೆ ಎಂದು ಆಗಲೇ ಖಾತ್ರಿಯಾಯಿತು.

ತಿರುವನಂತಪುರಕ್ಕೆ ಹೋಗಿ ಪರೀಕ್ಷೆ ಬರೆದಳು, ಪಾಸಾದಳು, ಹೊರಟೂಹೋದಳು. ನಾಲ್ಕು ವರ್ಷದ ಮಗುವನ್ನೂ ಗಂಡನನ್ನೂ ಬೇಗ ಕರೆಸಿಕೊಳ್ಳುತ್ತೇನೆ ಎಂದು ವಿಮಾನ ನಿಲ್ದಾಣದಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಒಂದು ಊರಿಂದ ಇನ್ನೊಂದಕ್ಕೆ ವರ್ಗವಾದದ್ದನ್ನೇ ಹನ್ನೊಂದು ವರ್ಷ ದೂರುತ್ತಿರುವ ನನಗೆ ಆ ಹುಡುಗಿಯ ಎದೆಗಾರಿಕೆ ಕಂಡು ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಮೊನ್ನೆ ಫೋನ್ ಮಾಡಿದ್ದಳು. ವೃದ್ಧಾಶ್ರಮದಲ್ಲಿ ಅವಳ ಪಾಲಿಗೆ ಬಂದಿರುವ ಅಜ್ಜಿಯೊಬ್ಬರು ಮೂಲತಃ ಅಲ್ಲಿಯವರಲ್ಲವಂತೆ. ಮಹಾಯುದ್ಧ ಮುಗಿದಾಗ ಪೂರ್ವದ ಊರುಗಳಿಂದ ಓಡಿಸಿದ ಲಕ್ಷಾಂತರ ಜರ್ಮನರ ಜೊತೆ, ಐದು ವರ್ಷದ ಮಗುವಾಗಿದ್ದಾಗ ತಾಯಿಯ ಕೈ ಹಿಡಿದು ನಡೆದು ಬಂದವರು. ಸ್ವಂತ ಭಾಷೆಯವರೇ ಅವರನ್ನು ಹೊರಗಿನವರೆಂದು ಹೀಯಾಳಿಸಿದ್ದರಂತೆ.

“ಪಕ್ಕ ಕೂತು ಎಲ್ಲ ಕೇಳಿದೆ, ಚೇಚಿ. ಅರ್ಧ ಅರ್ಥವಾಗಲಿಲ್ಲ. ಕೊನೆಗೆ ಆ ಅಮ್ಮಚ್ಚಿ ನನ್ನನ್ನು ಹತ್ತಿರ ಕರೆದು ಹೇಳಿದರು, ಇಲ್ಲಿ ಯಾರಾದರೂ ನಿನಗೆ ಏನಾದರೂ ಅಂದರೆ ನನಗೆ ಹೇಳು, ನಾನು ಎದ್ದು ಬರ್ತೀನಿ ಅಂತ.”

ಹಾಸಿಗೆಯಲ್ಲಿ ಅವರನ್ನು ಎಬ್ಬಿಸಿ ಕೂರಿಸಲು ಇಬ್ಬರು ಬೇಕಂತೆ.