ಸುಮಾಳ ಹತ್ತಿರ ಉಳಿದ ಅರ್ಧ ಮುಚ್ಚಳ

ರಾತ್ರಿ ಎರಡೂವರೆಗೆ ಕಪಾಟಿನಿಂದ ಏನೋ ಟಪ್ಪಂತ ಬಿದ್ದು ಎಚ್ಚರವಾಯಿತು. ಮಗುವಿನ ಕೆಮ್ಮಿನ ಔಷಧ ಹುಡುಕುವಾಗ ಅಂಚಿಗೆ ಸರಿಸಿದ್ದ ಮಣ್ಣಿನ ಅರ್ಧ ಮುಚ್ಚಳ. ಪುಣ್ಯಕ್ಕೆ ಒಡೆದಿಲ್ಲ.

ಚಿಕ್ಕವರಿದ್ದಾಗ, ಕ್ವಾರ್ಟರ್ಸಿನ ಪಕ್ಕದ ಮನೆಯ ಗೆಳತಿ ಸುಮಾಳ ತಂದೆಗೆ ವರ್ಗವಾದಾಗ ನಾವಿಬ್ಬರೂ ಅತ್ತಿದ್ದೆವು. ಅಬಿಡ್ಸ್ ಪೇಟೆಯ ಫುಟ್‌ಪಾತಿನಲ್ಲಿ ಕೊಂಡ ಹಳೇ ಪುಸ್ತಕ ತೆರೆದು ಅಪ್ಪ ಸಮಾಧಾನ ಮಾಡಿದರು: "ಹಿಂದಿನ ಗ್ರೀಕರು ಅಗಲುವಾಗ ಒಂದು ವಸ್ತು ಮುರಿದು ಅರ್ಧರ್ಧ ಇಟ್ಕೋತಿದ್ರವ್ವ. ಎಷ್ಟು ವರ್ಷದ ಮ್ಯಾಲೆ ಬಂದ್ರೂ, ಎರಡೂ ಕೂಡಿದ್ರ ಮನಿ ಮಂದಿನ."

ನಾವು ಅವ್ವನ ಮೊಸರಿನ ಗಡಿಗೆಯ ಮುಚ್ಚಳ ಒಡೆದೆವು.

"ನಿಮ್ಮ ಗ್ರೀಕರಿಗೆ ನನ್ನ ಮುಚ್ಚಳಾನ ಬೇಕಿತ್ತೇನ್ರಿ?" ಅಂತ ಅವ್ವ ಅಪ್ಪನನ್ನೇ ಬೈದಳು.

ಈಗ ಗಂಡನಿಗೆ ಮಾದಾಪುರದ ಆಫೀಸಿನಲ್ಲಿ ನೈಟ್ ಶಿಫ್ಟು; ರಾತ್ರಿಯೆಲ್ಲ ಕೆಮ್ಮೋ ಮಗುವಿನ ಜೊತೆ ನಾನೊಬ್ಬಳೇ. ಬೆಳಗಾದರೆ ಎಲ್ಲರಿಗೂ ಆರಾಮಿದ್ದೀನಿ ಅಂದುಬಿಡ್ತೀನಿ. ಸುಮಾ, ನಾನಿದನ್ನು ಬರೆದು ಹಾಕ್ತಿರೋ ಈ ಕ್ವಾರ್ಟರ್ಸಿನವರ ವಾಟ್ಸಾಪ್ ಗುಂಪಿನಲ್ಲಿ ನೀನೂ ಇದ್ದೀಯಂತೆ. ನಿನ್ನ ಅರ್ಧ ಕಳೆದಿದ್ದರೂ ಚಿಂತಿಲ್ಲ, ಬೆಳಗಾಗೋದರೊಳಗ ಒಂದು ಫೋನ್ ಮಾಡೇ.