ಎಂಟು ಬೆರಳಿನ ಲೆಕ್ಕ

ಅವರ ಎಡಗೈಯಲ್ಲಿ ಕಿರುಬೆರಳೂ ಇರಲಿಲ್ಲ, ಉಂಗುರದ ಬೆರಳೂ ಇರಲಿಲ್ಲ. ಎರಡೂ ಬುಡದಿಂದಲೇ ಹೋಗಿದ್ದವು. ಆ ಜಾಗದ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಲಾಟರಿ ಟಿಕೆಟ್ಟು ಹರಿದು ಕೊಡುವಾಗ ಆ ಕೈ ಮುಖದ ಹತ್ತಿರಕ್ಕೇ ಬರುತ್ತಿತ್ತು. ಹೊಸಬರು ಸರಕ್ಕನೆ ಹಿಂದೆ ಸರಿಯುತ್ತಿದ್ದರು. ನಾನೂ ಮೊದಲ ದಿನ ಸರಿದವನೇ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಎದ್ರುಕೊಂಡ್ರಾ? ಒಳ್ಳೇದೇ ಆಯ್ತು ಬುಡಿ. ಎದ್ರುಕೊಂಡೋರು ಒಂದೇ ಟಿಕೆಟ್ ತಕ್ಕೊಂಡು ಓಯ್ತರೆ," ಎಂದರು.

ಪಾಂಡವಪುರದ ಬಸ್ ಸ್ಟ್ಯಾಂಡಿನ ಎದುರು ಅವರದೊಂದು ಪೆಟ್ಟಿಗೆ ಅಂಗಡಿ. ಅಡ್ಡಕ್ಕೆ ಕಟ್ಟಿದ ದಾರದ ಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪು, ಕ್ಲಿಪ್ಪಿನಲ್ಲಿ ಬಣ್ಣಬಣ್ಣದ ಟಿಕೆಟ್ಟು. ತೊಂಬತ್ತರ ದಶಕದ ನಡುವಿನ ಮಾತು ಇದು. ಒಂದಂಕಿ ಲಾಟರಿ ಊರನ್ನೇ ಹಿಡಿದುಕೊಂಡಿತ್ತು. ಅವರು ಮಾರುತ್ತಿದ್ದ ಟಿಕೆಟ್ಟಿಗೆ ಒಂದು ರೂಪಾಯಿ. ಕೊನೆಯ ಅಂಕಿ ಕೂಡಿಬಂದರೆ ಎಂಟು ರೂಪಾಯಿ. ಸಂಜೆ ನಾಲ್ಕಕ್ಕೆ ಫೋನಿನಲ್ಲಿ ಬಂದ ಅಂಕಿಯನ್ನು ಪಕ್ಕದ ಟೀ ಹೋಟೆಲಿನವನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಎಲ್ಲರೂ ಹಲಗೆಯತ್ತ ನುಗ್ಗಿದರೆ ಲಾಟರಿಯವರು ಮಾತ್ರ ಆ ಕಡೆ ಬೆನ್ನು ಹಾಕಿ ಕೂರುತ್ತಿದ್ದರು. ಯಾಕಣ್ಣ ಎಂದು ಒಮ್ಮೆ ಕೇಳಿದೆ.

"ಸೋತೋರು ಮನೆಗೆ ಓಯ್ತರೆ ಮೇಷ್ಟ್ರೇ. ಗೆದ್ದೋರು ಮತ್ತೆ ಇಲ್ಲಿಗೇ ಬತ್ತರೆ. ನಂಗೆ ಗೆದ್ದೋರ ಕಂಡ್ರೇನೇ ಭಯ."

ಗೆದ್ದವರು ತಂದುಕೊಟ್ಟ ಸಿಹಿಯನ್ನೂ ಅವರು ಬಾಯಿಗೆ ಹಾಕುತ್ತಿರಲಿಲ್ಲ. ಬಸ್ಸಿಗೆ ಕಾದವರ ಮಕ್ಕಳಿಗೆ ಹಂಚಿಬಿಡುತ್ತಿದ್ದರು. ಆ ಮಕ್ಕಳು ಬೆರಳೆಲ್ಲಿ ಎಂದು ಕೇಳಿದರೆ ಒಂದಕ್ಕೆ ಕೆ.ಆರ್.ಎಸ್. ಹಿನ್ನೀರಿನಲ್ಲಿ ಮೊಸಳೆ ತಿಂದಿತು ಎನ್ನುವರು, ಇನ್ನೊಂದಕ್ಕೆ ಪಟಾಕಿಯ ಕಥೆ ಹೇಳುವರು. ನಿಜ ಏನೆಂದು ನನಗೂ ಗೊತ್ತಿರಲಿಲ್ಲ.

ಒಂದು ಸಲ ಕಬ್ಬಿನ ಲಾರಿಯ ಡ್ರೈವರೊಬ್ಬ ಭಾರೀ ಉಪಾಯ ಕಂಡುಹಿಡಿದವನ ಹಾಗೆ ಬಂದ. "ಅಣ್ಣೋ, ಸೊನ್ನೆಯಿಂದ ಒಂಬತ್ತರಗಂಟ ಅತ್ತೂ ಅಂಕಿ ಕೊಡು. ಆಗ ಗೆಲ್ಲಾದು ಗ್ಯಾರಂಟಿ ಅಲ್ವಾ?"

"ಗ್ಯಾರಂಟಿ ಕಣ್ಲಾ," ಎಂದು ಇವರು ಎರಡೂ ಕೈ ಬಿಡಿಸಿ ಅವನ ಮುಂದೆ ಹಿಡಿದರು. "ಅತ್ತು ರೂಪಾಯಿ ಕೊಟ್ಟು ಎಂಟು ರೂಪಾಯಿ ಗೆದ್ಕೊಂಡು ಓಗು. ನೋಡು ನನ್ ಕೈಯ. ಅತ್ತು ಇರ್ಬೇಕಾದ ಕಡೆ ಎಂಟವೆ. ಲಾಟ್ರಿನೂ ಇಂಗೇಯಾ."

ನಾನು ಬೆಚ್ಚಿದೆ. ಕ್ಯಾತನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವನು ನಾನು. ಬೋರ್ಡು ತುಂಬ ಬರೆದು ಅಳಿಸಿ ನಾನು ಹೇಳಬೇಕಾದ್ದನ್ನು ಈ ಮನುಷ್ಯ ಕೈ ಬಿಡಿಸಿ ತೋರಿಸಿಬಿಟ್ಟಿದ್ದರು. ಬುದ್ಧಿ ಇದ್ದವನಾಗಿದ್ದರೆ ಅವತ್ತೇ ಮನೆಗೆ ಹೋಗಬೇಕಿತ್ತು. ಆದರೆ ಗಣಿತ ಕಲಿತವನಿಗೆ ಒಂದು ಪೊಗರು ಇರುತ್ತದೆ. ಲಾರಿ ಡ್ರೈವರಿಗೆ ಹೊಳೆಯದ ದಾರಿ ನನಗೆ ಹೊಳೆದಿದೆ ಎಂದುಕೊಂಡೆ.

ನನ್ನ ದಾರಿ ಇಷ್ಟೇ. ಹತ್ತು ಅಂಕಿಯ ಸಹವಾಸ ಬೇಡ, ಒಂದೇ ಅಂಕಿ ಹಿಡಿಯುವುದು. ಏಳು ಬಹಳ ದಿನದಿಂದ ಬಂದಿರಲಿಲ್ಲ; ಹಾಗಾಗಿ ಏಳು. ಮೊದಲ ಮೂರು ದಿನ ಹತ್ತು ಹತ್ತು ಟಿಕೆಟ್ಟು. ಬರದಿದ್ದರೆ ಮುಂದಿನ ಮೂರು ದಿನ ಅದರ ಎರಡರಷ್ಟು. ಹೀಗೇ ಏರಿಸುತ್ತ ಹೋದರೆ ಏಳು ಬಂದ ದಿನ ಕಳೆದದ್ದೆಲ್ಲ ವಾಪಸ್ಸು ಬಂದು ಮೇಲೂ ಉಳಿಯುತ್ತದೆ. ಏಳು ಎಂದಾದರೂ ಬರಲೇಬೇಕು. ಎಲ್ಲಿ ಹುಡುಕಿದರೂ ತಪ್ಪಿಲ್ಲದ ಲೆಕ್ಕ. ಅದು ಬರುವವರೆಗೆ ನನ್ನ ಜೇಬಿನಲ್ಲಿ ದುಡ್ಡಿರಬೇಕು ಎಂಬುದೊಂದನ್ನು ನಾನು ಬರೆದುಕೊಂಡಿರಲಿಲ್ಲ.

ಹದಿನೆಂಟು ದಿನ ಏಳು ಬರಲಿಲ್ಲ. ನನ್ನ ಸಂಬಳವೆಲ್ಲ ಕರಗಿತು. ಹತ್ತೊಂಬತ್ತನೇ ದಿನಕ್ಕೆ ಆರುನೂರ ನಲವತ್ತು ಟಿಕೆಟ್ಟು ಬೇಕು. ನನ್ನ ಬ್ಯಾಗಿನಲ್ಲಿ ಹತ್ತನೇ ತರಗತಿ ಮಕ್ಕಳ ಪರೀಕ್ಷೆ ಫೀಸಿನ ಕವರಿತ್ತು. ನಾನೇ ವಸೂಲಿ ಮಾಡಿದ್ದು, ನಾನೇ ಬ್ಯಾಂಕಿಗೆ ಕಟ್ಟಬೇಕಾದ್ದು. ಕಟ್ಟಲು ಇನ್ನೆರಡೇ ದಿನ ಉಳಿದಿತ್ತು. ಹೆಡ್‌ಮಾಸ್ಟರು ಬೆಳಿಗ್ಗೆ ತಾನೇ ಕೇಳಿದ್ದರು: "ಫೀಸು ಕಟ್ಟಿದ್ರೇನ್ರೀ? ತಪ್ಪಿದ್ರೆ ಮಕ್ಕಳ ವರ್ಷವೇ ಹೋಗುತ್ತೆ." ನಾಳೆ, ಎಂದೆ.

ಸಂಜೆ ಹಲಗೆಯ ಮೇಲೆ ಮೂರು ಎಂದು ಬರೆದದ್ದನ್ನು ನೋಡಿ ನೇರ ಅಂಗಡಿಗೆ ಹೋದೆ.

"ನಾಳೆಗೆ ಆರುನೂರ ನಲವತ್ತು ಏಳು ಬೇಕಣ್ಣ."

ಅವರು ನನ್ನ ಮುಖವನ್ನೇ ನೋಡಿದರು. "ದುಡ್ಡು?"

ಕವರು ತೆರೆದೆ. ಎರಡು ರೂಪಾಯಿ, ಐದು ರೂಪಾಯಿಯ ಹಳೇ ನೋಟುಗಳು. ಒಂದೊಂದು ಮಗುವಿನ ದುಡ್ಡಿಗೂ ಹೆಸರು, ಪರೀಕ್ಷೆ ಫೀಸು ಎಂದು ಬರೆದ ಚೀಟಿಯಿಟ್ಟು ಗುಂಡುಪಿನ್ನು ಚುಚ್ಚಿತ್ತು.

"ಯಾರ್ದು ಇದು?"

"ನನ್ನ ಸಂಬಳ."

"ಸಂಬಳದ ನೋಟಿಗೆ ಇಂಗೆ ಪಿನ್ನು ಚುಚ್ಚಿ ಕೊಡ್ತರಾ?" ಎಂದರು. "ಅಷ್ಟೊಂದು ಏಳು ನಂತಾವ ಎಲ್ಲವೆ? ತರುಸ್ಬೇಕು. ನಾಳೆ ಮೂರು ಗಂಟೆಗೆ ಬನ್ನಿ, ದುಡ್ಡು ಆಗ್ಲೇ ಕೊಡೀರಂತೆ. ಬೇರೆ ಕಡೆ ಅಡ್ಡಾಡ್ಬೇಡಿ," ಎಂದು ಕವರನ್ನು ನನ್ನ ಕಡೆಗೇ ತಳ್ಳಿದರು.

ಮರುದಿನ ಅರ್ಧ ದಿನ ರಜೆ ಹಾಕಿ ಮೂರಕ್ಕೆ ಹೋದರೆ ಅಂಗಡಿಗೆ ಬೀಗ! ಭಾನುವಾರವೂ ತೆರೆದಿರುತ್ತಿದ್ದ ಅಂಗಡಿ ಅದು. ಇನ್ನೊಂದು ಲಾಟರಿ ಅಂಗಡಿಗೆ ಓಡಿದೆ. "ಏಳಾ? ನಿಮ್ ಲಾಟ್ರಿಯೋರು ಬೆಳಿಗ್ಗೇನೇ ಬಂದು ಇದ್ದಬದ್ದ ಏಳೆಲ್ಲ ಎತ್ಕೊಂಡ್ಹೋದ್ರಲ್ಲ," ಎಂದ. ರೈಲ್ವೆ ಸ್ಟೇಷನ್ ಕಡೆಯವನೂ ಅದನ್ನೇ ಹೇಳಿದ. ಕೆ.ಆರ್. ಪೇಟೆಗೆ ಹೋಗಿ ಹುಡುಕುವಷ್ಟು ಹೊತ್ತಿರಲಿಲ್ಲ. ಬ್ಯಾಗನ್ನು ಎದೆಗೆ ಅವುಚಿಕೊಂಡು ಟೀ ಹೋಟೆಲಿನ ಮುಂದೆ ನಿಂತೆ. ಬರದಿರಲಿ ದೇವರೇ, ಇವತ್ತೊಂದು ದಿನ ಏಳು ಬರದಿರಲಿ ಎಂದು ಬೇಡಿಕೊಂಡೆ.

ನಾಲ್ಕು ಗಂಟೆಗೆ ಹಲಗೆಯ ಮೇಲೆ ಏಳು ಎಂದು ಬರೆದರು.

ಐದು ಸಾವಿರದ ಮೇಲೆ ಬರಬೇಕಾಗಿತ್ತು ನನಗೆ. ನನ್ನ ಏಳನ್ನು ಈ ಮನುಷ್ಯನೇ ಹೊಡೆದುಕೊಂಡ ಎಂದು ನನಗೆ ಒಂದಿಷ್ಟೂ ಅನುಮಾನ ಉಳಿಯಲಿಲ್ಲ. ಬೆಳಗಾಗುವುದನ್ನೇ ಕಾದು ಹೋಗಿ ಅಂಗಡಿಯ ಮುಂದೆ ನಿಂತು ಕಳ್ಳ ಎಂದೆ, ಮನೆಮುರುಕ ಎಂದೆ. ಬಸ್ಸಿಗೆ ಕಾದಿದ್ದ ಜನ ತಿರುಗಿ ನೋಡಿದರು. ಅವರು ದಾರದ ಮೇಲೆ ಕ್ಲಿಪ್ಪು ಹಾಕುತ್ತಲೇ ಇದ್ದರು.

"ಫೀಸು ಕಟ್ಟಿದ್ರಾ?" ಎಂದರು.

"ಅದು ನಿಮಗ್ಯಾಕೆ? ನಿನ್ನೆ ಟಿಕೆಟ್ಟು ಕೊಟ್ಟಿದ್ದರೆ ಎಲ್ಲಾ ಮುಗಿದುಹೋಗುತ್ತಿತ್ತು!"

"ಗೆದ್ದಿದ್ರೆ ನಿಲ್ಲುಸ್ತಿದ್ರಾ ಮೇಷ್ಟ್ರೇ?" ಎಂದು ಎಡಗೈಯನ್ನು ನನ್ನ ಮುಂದಿಟ್ಟರು. "ಮೊಸಳೆನೂ ಇಲ್ಲ, ಪಟಾಕಿನೂ ಇಲ್ಲ. ಆಲೆಮನೇಲಿ ಗಾಣಕ್ಕೆ ಕಬ್ಬು ಕೊಡೋ ಕೆಲ್ಸ ನಂದು. ಬೆರಳು ಓಗೋ ಮುಂಚಿನ ದಿನ ಲಾಟ್ರೀಲಿ ಗೆದ್ದಿದ್ದೆ. ಕಣ್ಣು ಗಾಣದ ಮೇಲಿತ್ತು, ಮನ್ಸು ನಾಳೆ ಅಂಕಿ ಮೇಲಿತ್ತು. ಸೋತಿದ್ರೆ ಈ ಬೆರಳು ಇರ್ತಿದ್ವು."

"ಮತ್ತೆ ನೀವೇ ಯಾಕೆ ಇದನ್ನು ಮಾರುತ್ತೀರಿ?"

"ಈ ಕೈಗೆ ಇನ್ಯಾರು ಕೆಲ್ಸ ಕೊಡ್ತರೆ? ಇದು ಪುಣ್ಯದ ಕೆಲ್ಸ ಅಂತ ನಾನೇನು ಯೋಳಾಕಿಲ್ಲ. ಓಗಿ, ಬ್ಯಾಂಕ್ ತೆಗೆಯೋ ಒತ್ತಾಯ್ತು."

ನಾನು ಹೋದೆ. ಬುದ್ಧಿ ಬಂದು ಹೋದದ್ದಲ್ಲ, ಹೆದರಿ ಹೋದದ್ದು. ಗೆದ್ದಿದ್ದರೆ ನಿಲ್ಲಿಸುತ್ತಿದ್ದೆನೇ ಎಂಬ ಮಾತಿಗೆ ನನ್ನ ಒಳಗಿಂದ ಬಂದ ಉತ್ತರ ಕೇಳಿ ನನಗೇ ಹೆದರಿಕೆಯಾಗಿತ್ತು. ಕೌಂಟರಿನ ಮುಂದೆ ಪಿನ್ನುಗಳನ್ನು ಒಂದೊಂದೇ ಕಿತ್ತೆ. ಚೀಟಿಯ ಮೇಲಿನ ಒಂದೊಂದು ಹೆಸರೂ ನನ್ನನ್ನೇ ನೋಡುತ್ತಿದ್ದಂತಿತ್ತು. ರಸೀದಿಯನ್ನು ಮಡಿಸಿ ಜೇಬಿಗಿಟ್ಟುಕೊಂಡೆ. ಮತ್ತೆ ನಾನು ಲಾಟರಿ ಕೊಳ್ಳಲಿಲ್ಲ. ಅವರ ಅಂಗಡಿಯ ಕಡೆಗೂ ಹೋಗಲಿಲ್ಲ. ನನ್ನ ಏಳನ್ನು ತಿಂದವರು ಎಂಬ ಸಿಟ್ಟು ಮಾತ್ರ ಹಾಗೇ ಉಳಿಯಿತು. ಮುಂದಿನ ವರ್ಷ ನಾಗಮಂಗಲಕ್ಕೆ ವರ್ಗವಾಯಿತು.

ಆ ದಶಕ ಮುಗಿಯುವ ಹೊತ್ತಿಗೆ ಅವರು ಹೋಗಿಬಿಟ್ಟರು ಎಂದು ತಿಳಿಯಿತು. ಎರಡು ದಿನ ಹಿಂದೆ ಮುಂದೆ ನೋಡಿ, ತಿಥಿಯ ದಿನ ಹೋದೆ. ಒಂದಂಕಣದ ಮನೆ. ಐದು ಸಾವಿರ ಗೆದ್ದವರ ಗುರುತು ಅಲ್ಲಿ ಯಾವ ಮೂಲೆಯಲ್ಲೂ ಇರಲಿಲ್ಲ. ಅವರ ಹೆಂಡತಿ ನನ್ನನ್ನು ನೋಡಿ, "ಲೆಕ್ಕದ ಮೇಷ್ಟ್ರಾ?" ಎಂದರು. ಹೌದು ಎಂದೆ. ಆ ದಿನದ ಮಾತು ಅವರೇ ತೆಗೆದರು.

"ಅವತ್ತು ಸುತ್ತಮುತ್ತ ಇದ್ದ ಏಳೆಲ್ಲ ಕಡ ತಂದು ಜೇಬಿಗೆ ತುಂಬ್ಕೊಂಡ್ರು. ಇಲ್ಲಾಂದ್ರೆ ಮೇಷ್ಟ್ರು ಬೇರೆ ಕಡೆ ತಕ್ಕೊಂಬುಡ್ತರೆ ಅಂತ. ಮಾರ್ದೆ ಉಳಿದಿದ್ ಟಿಕೆಟ್ನ ಡ್ರಾಗೆ ಮುಂಚೆ ಏಜೆಂಟ್ರಿಗೆ ವಾಪಸ್ ಕೊಡ್ಬೇಕಲ್ಲ, ಶ್ರೀರಂಗಪಟ್ಟಣದ ಬಸ್ ಅತ್ತುದ್ರು. ದಾರೀಲಿ ಅವರಿಗೂ ಆಸೆ ಆಯ್ತಂತೆ, ಇಟ್ಕೊಂಬುಡಾನಾ ಅಂತ. ಭಯ ಬಿದ್ದು ಓಡೋಗಿ ಕೊಟ್ಬುಟ್ಟು ಬಂದ್ರು. ಬಂದ ಮೇಲೆ ಏಳೇ ಬಂತು ಅಂತ ಗೊತ್ತಾಯ್ತು. ಉಣ್ಲಿಲ್ಲ. 'ನಾಳೆ ಮೇಷ್ಟ್ರು ಬಂದು ಬೈತರೆ ಕಣಮ್ಮಿ. ಬೈಲಿ ಬುಡು, ಐಕ್ಳು ಪರೀಕ್ಷೆ ಬರೀತವಲ್ಲ' ಅಂದ್ರು."

ಆ ವರ್ಷ ನನ್ನ ತರಗತಿಯ ಎಲ್ಲ ಮಕ್ಕಳೂ ಪರೀಕ್ಷೆ ಬರೆದರು. ಅವರು ಅಂದುಕೊಂಡಿದ್ದ ಹಾಗೆಯೇ ನಾನು ಹೋಗಿ ಬೈದೂ ಬಂದಿದ್ದೆ.